ಬಿಳಲಿನೊಳಗಿನ ಕುಲಾವಿ

ಆಗೆಲ್ಲ ಚಳಿಗಾಲವೆಂದರೆ ಚಳಿಗಾಲವೇ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ನಮ್ಮ ಏರುಬೀದಿಯಲ್ಲಿ ಹಾಲಿನ ಬಾಟಲಿ ಹೊಸ್ತಿಲಲ್ಲೇ ಗಟ್ಟಿಯಾಗುತ್ತಿತ್ತು. ಶಾಲೆಯ ದಾರಿಯ ಕಬ್ಬಿಣದ ಬೇಲಿಗೆ ಕಳೆದುಹೋದ ಕೈಗವಸುಗಳನ್ನು ಯಾರೋ ಸಿಕ್ಕಿಸಿರುತ್ತಿದ್ದರು. ಬಿದ್ದದ್ದು ಸಿಕ್ಕರೆ ಕಳೆದುಕೊಂಡವರ ಕಣ್ಣಿಗೆ ಬೀಳಲೆಂದು ಎತ್ತರದಲ್ಲಿ ಹಾಕುವುದು ಇಲ್ಲಿಯವರ ಪದ್ಧತಿ. ನಾನು ಒಂದೊಂದಕ್ಕೂ ಕೈಕುಲುಕಿ ಮುಂದೆ ಹೋಗುತ್ತಿದ್ದೆ.

ಸಂಕ್ರಾಂತಿಯ ಆಸುಪಾಸಿನ ಭಾನುವಾರ ಕನ್ನಡದ ನಾಲ್ಕಾರು ಮನೆಗಳವರು ಬೆಟ್ಟಗಳ ನಡುವಿನ ಒಂದು ಕಣಿವೆಗೆ ಹೋಗುತ್ತಿದ್ದೆವು. ಅಲ್ಲಿ ಕುರಿ ಸಾಕುವ ಮುದುಕನೊಬ್ಬ ಮರದಿಂದ ಮರಕ್ಕೆ ತಂತಿ ಎಳೆದು, ಕೆಳಗಿನ ತೊರೆಯಿಂದ ಪಂಪಿನಲ್ಲಿ ನೀರೆತ್ತಿ ಅದರ ಮೇಲೆ ಚಿಮುಕಿಸುತ್ತಿದ್ದ. ಬೆಳಗಾಗುವಷ್ಟರಲ್ಲಿ ಇಳಿಜಾರಿಗೆಲ್ಲ ಮಂಜುಗಡ್ಡೆಯ ಪರದೆ. ಇಳಿಬಿದ್ದ ಆ ಕಡ್ಡಿಗಳನ್ನು ಅಮ್ಮ ಬಿಳಲು ಎನ್ನುತ್ತಿದ್ದಳು, ಆಲದ ಮರಕ್ಕಿರುತ್ತವಲ್ಲ, ಹಾಗೆ. ಹಿಂದೆ ನೀಲಿ ಬಲ್ಬುಗಳು, ಮುಂದೆ ನಮ್ಮ ಪುಳಿಯೋಗರೆಯ ಡಬ್ಬಿಗಳು. ಗವಸು ತೆಗೆಯದೆ ಎಳ್ಳುಬೆಲ್ಲ ಹಂಚಿ, ಬೆಲ್ಲದ ಜೊತೆ ಉಣ್ಣೆಯ ಎಳೆಯನ್ನೂ ತಿನ್ನುತ್ತಿದ್ದೆವು. ಮನೆಯಲ್ಲಿ ಫ್ರಿಜ್ ಇಟ್ಟುಕೊಂಡು ಐಸ್ ನೋಡಲು ಟಿಕೆಟ್ ಕೊಳ್ಳುವವರು ನಾವೇ ಎಂದು ಅಪ್ಪ ಪ್ರತಿವರ್ಷ ನಗಿಸುತ್ತಿದ್ದ. ಅಪ್ಪ ಶೆಫೀಲ್ಡಿನ ಆಸ್ಪತ್ರೆಯಲ್ಲಿ ಡಾಕ್ಟರು. ರೋಟಾ ಎನ್ನುವ ಪಾಳಿಪಟ್ಟಿಯಿಂದ ಆ ಒಂದು ಭಾನುವಾರವನ್ನು ಹೇಗೋ ತಪ್ಪಿಸಿಕೊಂಡು ಬರುತ್ತಿದ್ದ.

ನನಗೆ ಎಂಟಾಗಿದ್ದ ವರ್ಷ ಆ ನಗೆ ಇರಲಿಲ್ಲ. ದಸರೆಯ ಹೊತ್ತಿಗೆ ಹುಟ್ಟಿದ ನನ್ನ ತಮ್ಮ ಆಸ್ಪತ್ರೆಯಿಂದ ಮನೆಗೆ ಬರಲೇ ಇಲ್ಲ. ಅವನ ಹೆಸರೆತ್ತಬಾರದೆಂದು ಯಾರೂ ಹೇಳದೆಯೇ ನನಗೆ ಗೊತ್ತಾಯಿತು. ಸ್ನೇಹಿತರೂ ಆ ಮಾತು ತೆಗೆಯದಿರುವುದೇ ಮರ್ಯಾದೆ ಎಂದುಕೊಂಡಿದ್ದರು. ಅವನಿಗೆಂದು ಹೆಣೆದ ಕೆಂಪು ಉಣ್ಣೆಯ ಕುಲಾವಿಯನ್ನು ಅಮ್ಮ ದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದಳು. ಮಲಗುವುದೆಲ್ಲಿ, ಮಗು ಅಳುತ್ತಿದೆ ಎಂದು ಎದ್ದು ಕೂರುತ್ತಿದ್ದಳು. ನನಗೂ ಒಮ್ಮೆ ಕೇಳಿಸಿತ್ತು. ಅದು ಪಕ್ಕದ ಮನೆಯ ಬೆಕ್ಕೇ ಎಂದು ಇವತ್ತಿಗೂ ಆಣೆ ಮಾಡಲಾರೆ.

ಮೈಸೂರಿನಿಂದ ಅಜ್ಜಿ ಫೋನಿನಲ್ಲಿ ಅಮ್ಮನಿಗೆ ಬುದ್ಧಿ ಹೇಳಿದಳು. "ಮಗೂ ಬಟ್ಟೆ ಮನೇಲಿಟ್ಕೋಬಾರ್ದು ಕಣೇ, ಜೀವ ಹೊಸ್ತಿಲು ದಾಟಲ್ಲ. ಹರಿಯೋ ನೀರಿಗೆ ಬಿಟ್ಬಿಡು."

ಹರಿಯುವ ನೀರೆಂದರೆ ಅಪ್ಪನಿಗೆ ನೆನಪಾದದ್ದು ಆ ಕಣಿವೆಯ ತೊರೆ. ಸಂಕ್ರಾಂತಿಯ ಹಿಂದಿನ ಭಾನುವಾರ ನಾವು ಮೂವರೇ ಹೋದೆವು. ಪರದೆಯ ಕಡೆ ಸುಳಿಯದೆ, ತೊರೆಯ ಮೇಲ್ಭಾಗದಲ್ಲಿ ಕಾರು ನಿಲ್ಲಿಸಿದೆವು. ಅಮ್ಮ ಬಾಗಿ ಕುಲಾವಿಯನ್ನು ನೀರಿಗೆ ಬಿಟ್ಟಳು. ಕಲ್ಲುಗಳ ನಡುವೆ ಒಂದು ಕೆಂಪು ತಿರುಗಿತು, ಮರೆಯಾಯಿತು. ಆ ರಾತ್ರಿ ಅಮ್ಮ ಬೆಳಗಿನವರೆಗೂ ನಿದ್ದೆ ಮಾಡಿದಳು. ಇನ್ನು ನನ್ನ ಅಮ್ಮ ನನಗೆ ಸಿಗುತ್ತಾಳೆ ಎಂದುಕೊಂಡೆ.

ಮುಂದಿನ ಭಾನುವಾರ ಎಲ್ಲರ ಜೊತೆ ಮತ್ತೆ ಹೋದಾಗ ಅದನ್ನು ಮೊದಲು ಕಂಡವಳು ನಾನು. ಪರದೆಯ ನಡುವೆ, ದಪ್ಪನೆಯ ಬಿಳಲೊಂದರ ಒಳಗೆ, ಕೆಂಪು ಕುಲಾವಿ. ನೀರು ತುಂಬಿ ಹೆಪ್ಪುಗಟ್ಟಿ, ಒಳಗೊಂದು ತಲೆ ಇರುವ ಹಾಗೆ ಉಬ್ಬಿತ್ತು.

ಅಮ್ಮ ನೇರ ಹೋಗಿ ಅದರ ಮುಂದೆ ನಿಂತಳು. ಮುದುಕ ಸುತ್ತಿಗೆ ಹಿಡಿದು ಓಡಿಬಂದ. ಪಂಪಿನ ಬಾಯಿಯ ಜಾಲರಿಗೆ ಸಿಕ್ಕಿತ್ತಂತೆ. ಪಾಪ, ಯಾವ ಮಗುವಿನ ಕಿವಿ ಚಳಿಗೆ ಸೆಟೆಯುತ್ತಿದೆಯೋ ಎಂದು ಎಲ್ಲರಿಗೂ ಕಾಣುವಂತೆ ತಂತಿಗೆ ಸಿಕ್ಕಿಸಿದ್ದನಂತೆ. ನಿಮ್ಮದಾದರೆ ಒಡೆದು ತೆಗೆದುಕೊಡುತ್ತೇನೆ ಎಂದ. ಆಮೇಲೆ ನಮ್ಮ ಮಕ್ಕಳ ಗುಂಪಿನತ್ತ ತಿರುಗಿ, ಬರಿತಲೆಯ ಮಗು ಯಾವುದೆಂದು ನಗುತ್ತಾ ಹುಡುಕಿದ.

ಅಪ್ಪ ನೆಲ ನೋಡುತ್ತಿದ್ದ. ಬ್ಯಾಂಕಿನವರ ಜೊತೆ ಇಂಗ್ಲಿಷಿನಲ್ಲೇ ಜಗಳವಾಡಿ ಗೆಲ್ಲುವ ಅಮ್ಮನಿಗೆ ಅಂದು ಬಾಯಿ ಬರಲಿಲ್ಲ.

"ನೀನೇ ಹೇಳು ಪುಟ್ಟಿ," ಎಂದಳು.

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೀಯೆಂದು ದಿನವೂ ನನ್ನನ್ನು ಗದರುತ್ತಿದ್ದವಳು. ನಾನು ಹೇಳಿದೆ, ಅದು ನನ್ನ ತಮ್ಮನದು, ಅವನು ಸತ್ತುಹೋದ ಎಂದು. ಅವನ ಹೆಸರನ್ನೂ ಹೇಳಿದೆ. ಶಾಲೆಯವರ ಧಾಟಿಯಲ್ಲಿ ಅದು ಸೊಟ್ಟಗೆ ಬಂದಿರಬೇಕು.

"ಅನಿರುದ್ಧ," ಎಂದು ಅಮ್ಮ ತಿದ್ದಿದಳು. ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಮುದುಕ ತನ್ನ ಟೋಪಿ ತೆಗೆದ. ಒಡೆಯುವುದು ಬೇಡ, ತಾನಾಗಿಯೇ ಕರಗಲಿ ಎಂದು ಅಮ್ಮ ನನ್ನಿಂದಲೇ ಹೇಳಿಸಿದಳು. ನಮ್ಮವರ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಿಳಲಿನ ಬುಡದಲ್ಲಿ ಒಂದೊಂದು ಚಿಟಿಕೆ ಎಳ್ಳುಬೆಲ್ಲ ಇಟ್ಟು ಹೋದರು.

ಆ ಚಳಿಗಾಲ ಮುಗಿಯುವವರೆಗೂ ಭಾನುವಾರಗಳೆಲ್ಲ ಅಲ್ಲೇ ಕಳೆದವು. ಅಮ್ಮ ಬಿಳಲಿನ ಮುಂದೆ ನಿಂತು ಅನಿರುದ್ಧನಿಗೆ ನನ್ನ ಶಾಲೆಯ ಸುದ್ದಿ, ಮಾಡಿದ ಸಾರು, ಅಪ್ಪನ ರೋಟಾ, ಎಲ್ಲ ಹೇಳುತ್ತಿದ್ದಳು. ನನಗೆ ಹೆದರಿಕೆಯೂ ಆಗುತ್ತಿತ್ತು, ಹೊಟ್ಟೆಕಿಚ್ಚೂ ಆಗುತ್ತಿತ್ತು. ಕೊನೆಗೊಂದು ಮಳೆಯ ವಾರ ತಂತಿಗಳು ಬರಿದಾಗಿದ್ದವು. ಈ ಸಲ ಜಾಲರಿಯನ್ನು ಎತ್ತಿ ಹಿಡಿದು ಕುಲಾವಿಯನ್ನು ತಾನೇ ತೊರೆಯಲ್ಲಿ ದಾಟಿಸಿದೆ ಎಂದ ಮುದುಕ. ಹರಿಯುವ ನೀರಿನ ವಿಷಯ ಅಪ್ಪ ಅವನಿಗೆ ಹೇಳಿದ್ದನಂತೆ.

ಈಗ ಆ ಮುದುಕನಿಲ್ಲ. ತುಕ್ಕು ಹಿಡಿದ ತಂತಿ ಮರದ ತೊಗಟೆಯೊಳಗೆ ಹೂತುಹೋಗಿದೆ. ಅಂಥ ಚಳಿಯೂ ಇಲ್ಲ. ಜನವರಿಯಲ್ಲಿ ಬರಿಯ ಕೆಸರು. ಆದರೂ ಸಂಕ್ರಾಂತಿ ಹತ್ತಿರ ಬಂದರೆ ಅಮ್ಮ ಫೋನು ಮಾಡಿ, ಈ ಸಲ ಕಣಿವೆಯಲ್ಲಿ ಹೆಪ್ಪುಗಟ್ಟುತ್ತದೆಯೇ ಎಂದು ಕೇಳುತ್ತಾಳೆ. ನಾನು ಹವಾಮಾನ ನೋಡಿ, ಇಲ್ಲಮ್ಮ, ಮಳೆಯಂತೆ ಎನ್ನುತ್ತೇನೆ.

"ಹೌದಾ," ಎನ್ನುತ್ತಾಳೆ. "ಹಾಗಾದ್ರೆ ಈ ವರ್ಷಾನೂ ಬರಲ್ಲ ಅವನು."