ಜಲಜಮ್ಮನ ಕ್ಯಾನು ಬಾಯಿ ಬಿಡದ ದಿನ

ಜನ್ನಾಪುರದ ಜಲಜಮ್ಮ ಭಾಷಣ ಮಾಡಿದವಳಲ್ಲ, ಜೈಲಿಗೆ ಹೋದವಳೂ ಅಲ್ಲ. ಆದರೂ ಹತ್ತೊಂಬತ್ತು ವರ್ಷ ನಮ್ಮ ಸಂಘದ ಧರಣಿಗಳು ಮಧ್ಯಾಹ್ನ ದಾಟಿದ್ದು ಅವಳ ಟೀಯಿಂದ. ನಮ್ಮ ಸಿದ್ಧಾಂತಗಳೆಲ್ಲ ಹನ್ನೊಂದು ಗಂಟೆಗೇ ಆಕಳಿಸುತ್ತಿದ್ದವು.

ಮನೆಯಲ್ಲಿ ಟೀ ಕುದಿಸಿ, ದೊಡ್ಡ ಕ್ಯಾನಿಗೆ ಸುರಿದು, ಭತ್ತದ ಹೊಟ್ಟು ತುಂಬಿದ ಗೋಣಿಚೀಲದಲ್ಲಿ ಕೂರಿಸಿ, ಅಲ್ಲೇ ಪಕ್ಕದ ಓಲ್ಡ್ ಟೌನಿನ ಮೆಕ್ಯಾನಿಕ್ ರಸೂಲ್ ಸಾಬರ ಲಗೇಜ್ ಆಟೋದಲ್ಲಿ ಶಿವಮೊಗ್ಗಕ್ಕೆ ತರುತ್ತಿದ್ದಳು. "ಇಷ್ಟು ದೂರ ಬಿಸಿ ಹೇಗೆ ಉಳಿಯುತ್ತೆ?" ಅಂತ ಸಂಘದ ಕಾರ್ಯದರ್ಶಿ ತ್ರಿವಿಕ್ರಮ ಒಮ್ಮೆ ಕೇಳಿದ.

"ಬೆಂಕಿಕಡ್ಡಿ ನನ್ನ ಟೀಗಿಂತ ಜೋರಾಗಿ ಸುಡುತ್ತೆ ಸಾರ್. ಆದ್ರೆ ಅದ್ರಿಂದ ಒಂದು ಲೋಟ ನೀರೂ ಕಾಯಲ್ಲ. ಸುಡೋದು ಬೇರೆ, ಒಳಗೆ ಬಿಸಿ ತುಂಬ್ಕೊಂಡಿರೋದು ಬೇರೆ. ನಿಮ್ಮ ಭಾಷಣ ಬೆಂಕಿಕಡ್ಡಿ."

ತ್ರಿವಿಕ್ರಮ ಇದನ್ನು ಮರೆಯಲಿಲ್ಲ. ಹೋದ ಧರಣಿಯಲ್ಲಿ ಕ್ಯಾನಿನ ಮುಚ್ಚಳ ಸಡಿಲಾಗಿ ಟೀ ತುಳುಕಿ, ಉಳಿದದ್ದು ಆರಿ ಬಂದಾಗ ಸಿಕ್ಕಿದ್ದೇ ಅವಕಾಶ ಅಂತ, "ಇನ್ನೊಂದ್ಸಲ ಹೀಗಾದ್ರೆ ಹೋಟೆಲಿಂದ ತರಿಸ್ತೀವಿ" ಅಂದುಬಿಟ್ಟ. ಜಲಜಮ್ಮನ ಒಲೆ ಉರಿಯುವುದೇ ಧರಣಿ, ಸಭೆಗಳ ಟೀಯಿಂದ.

ಹಾಗಾಗಿ ಮೊನ್ನೆ ನಲ್ಲಿ ನೀರಿಗಾಗಿ ನೀರು ಸರಬರಾಜು ಕಚೇರಿ ಮುಂದೆ ಕೂತ ದಿನ ಅವಳು ಪಕ್ಕಾ ತಯಾರಾಗಿ ಬಂದಳು. ರಸೂಲ್ ಸಾಬರ ಕೈಲಿ ಲಾರಿ ಟ್ಯೂಬು ಕತ್ತರಿಸಿ ಮುಚ್ಚಳಕ್ಕೆ ವಾಷರ್ ಹಾಕಿಸಿದ್ದಳು. ಕುದಿಯುವ ಟೀ ಸುರಿದ ಕೂಡಲೇ ಮುಚ್ಚಳ ಒತ್ತಿದ್ದಳು. ದಾರಿಯಲ್ಲಿ ಒಂದು ತೊಟ್ಟೂ ಚೆಲ್ಲಲಿಲ್ಲ.

ಇಳಿಸಿ ಎಳೆದಳು. ಮುಚ್ಚಳ ಬರಲಿಲ್ಲ. ನಾನು ಎಳೆದೆ. ಇಬ್ಬರು ಕ್ಯಾನು ತಬ್ಬಿಕೊಂಡರು, ಮೂವರು ಮುಚ್ಚಳಕ್ಕೆ ಜೋತುಬಿದ್ದರು. ಜಗ್ಗಲಿಲ್ಲ.

"ಇಷ್ಟು ಜನ ಸೇರಿ ಒಂದು ಮುಚ್ಚಳ ತೆಗೆಯಕ್ಕಾಗಲ್ಲ, ಸರ್ಕಾರ ಅಲುಗಾಡಿಸ್ತೀರಾ?" ಅಂತ ಕಾವಲಿಗಿದ್ದ ಪೊಲೀಸಿನವನು ನಕ್ಕ.

"ಮೊಳೆ ಹೊಡೆದು ತೂತು ಮಾಡಣ," ಅಂದೆ.

"ನನ್ನ ಕ್ಯಾನಿಗೆ ತೂತು ಬಿದ್ರೆ ನಿಮ್ಮ ತಲೆಗೂ ಬೀಳುತ್ತೆ!"

ತ್ರಿವಿಕ್ರಮ ಫೋನ್ ತೆಗೆದ. "ಹೋಟೆಲಿಗೆ ಹೇಳ್ಲಾ?"

ರಸೂಲ್ ಸಾಬರು ಒಳಕ್ಕೆ ತಗ್ಗಾಗಿದ್ದ ಮುಚ್ಚಳ ಸವರಿದರು. "ಕುದೀತಿದ್ದಾಗ್ಲೇ ಮುಚ್ಚಿದ್ರಾ ಅಮ್ಮಾ? ಹಬೆ ಒಳಗಿನ ಗಾಳಿನ ಹೊರಗೆ ನೂಕಿದೆ. ಈಗ ಆ ಹಬೆ ನೀರಾಗಿ ಟೀ ಮೇಲಿನ ಜಾಗ ಖಾಲಿ. ಹೊರಗಿನ ಗಾಳಿ ಮುಚ್ಚಳದ ಮೇಲೆ ಕೂತಿದೆ."

"ಮತ್ತೆ ಕಾಯಿಸಿದ್ರೆ ಹಬೆ ಎದ್ದು ಒಳಗಿಂದ ನೂಕುತ್ತಲ್ಲ?" ಅಂದಳು ಜಲಜಮ್ಮ.

"ನೂಕುತ್ತೆ. ಬೆಂಕಿ ಎಲ್ಲಿದೆ ಇಲ್ಲಿ?"

ಜಲಜಮ್ಮ ಸುತ್ತ ನೋಡಿದಳು. ಹನ್ನೆರಡಕ್ಕೆ ಪತ್ರಿಕೆಯವರ ಎದುರು ಸುಡಬೇಕು ಅಂತ ಇಟ್ಟಿದ್ದ ಅಧಿಕಾರಿಯ ಪ್ರತಿಕೃತಿ ಬೇಲಿಗೆ ಒರಗಿ ನಿಂತಿತ್ತು, ಒಳ್ಳೆ ಒಣಹುಲ್ಲಿನ ಮೈ.

"ಬೇಡ ಜಲಜಮ್ಮ, ಕ್ಯಾಮೆರಾ ಬಂದಿಲ್ಲ!" ತ್ರಿವಿಕ್ರಮ ಅಡ್ಡ ನಿಂತ.

"ಜನ ಬಂದಿದಾರಲ್ಲ ಸಾರ್, ಸರೀರಿ ಆಚೆ."

ಮೂರು ಕಲ್ಲು, ಮೇಲೆ ಕ್ಯಾನು. ಮೊದಲು ಹುಲ್ಲಿನ ಸಾಹೇಬರ ಕಾಲು ಒಲೆಗೆ ಹೋಯಿತು, ಆಮೇಲೆ ಹೊಟ್ಟೆ. ಟೈ ಹಾಕಿದ ಕತ್ತು ಉರಿಯುವಾಗ ತಗ್ಗಿದ್ದ ಮುಚ್ಚಳ ಟಪ್ ಅಂತ ಮೇಲೆದ್ದಿತು. ಜಲಜಮ್ಮ ಸೆರಗು ಸುತ್ತಿ ಎರಡೇ ಬೆರಳಲ್ಲಿ ತೆಗೆದಳು. ಹಬೆ ತ್ರಿವಿಕ್ರಮನ ಕನ್ನಡಕಕ್ಕೆ ಮುತ್ತಿತು. ಅವನು ಏನೂ ಕಾಣದೆ ಲೋಟಕ್ಕೆ ಕೈ ಚಾಚಿ, ಒಂದು ಗುಟುಕು ಕುಡಿದು, ನಾಲಿಗೆ ಸುಟ್ಟುಕೊಂಡು, ಫೋನನ್ನು ಜೇಬಿಗಿಳಿಸಿದ.

ಹನ್ನೆರಡೂವರೆಗೆ ಫೋಟೋದವನು ಬಂದ. ಅವನಿಗೂ ಒಂದು ಲೋಟ ಸಿಕ್ಕಿತು. ಕುಡಿಯುತ್ತಲೇ ಕೇಳಿದ, "ಪ್ರತಿಕೃತಿ ಎಲ್ಲಮ್ಮಾ?"

"ಕುಡೀತಿದ್ದೀರಲ್ಲ ಸ್ವಾಮಿ," ಅಂದಳು ಜಲಜಮ್ಮ.