‘ಮೇಲೆ ಏನೈತೆ?’ ಎಂದು ಕೇಳುತ್ತಿದ್ದವರು

‘ಖಾಲಿ ಒಂಬತ್ತೂವರೆ ಅಡಿ, ಹುಲ್ಲು ತುಂಬಿದರೆ ಹದಿನಾಲ್ಕು.’ ಹಳೆಯ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಈ ಸಾಲು ಕಳೆದ ವಾರ ಕಣ್ಣಿಗೆ ಬಿತ್ತು. ಅಕ್ಷರ ನನ್ನದು. ತಮ್ಮ ಗಾಡಿಯ ಎತ್ತರವನ್ನು ಹೀಗೆ ಹೇಳಿ ಬರೆಸಿದವರು ಚನ್ನಗಿರಿಯ ನಮ್ಮ ಎದುರುಮನೆಯ ಲಾರಿ ಡ್ರೈವರ್. ನಾನು ಅವರನ್ನು ಮಾವ ಎನ್ನುತ್ತಿದ್ದೆ. ಅವರು ತೀರಿಕೊಂಡು ತಿಂಗಳಾಗಿತ್ತು.

ಕಾಲೇಜು ಮುಗಿಸಿದ ವರ್ಷ ನಾವು ನಾಲ್ವರು ಸೇರಿ ಲಾರಿ ಡ್ರೈವರ್‌ಗಳಿಗಾಗಿ ದಾರಿ ತೋರಿಸುವ ಆ್ಯಪ್ ಮಾಡುತ್ತಿದ್ದೆವು. ಪರದೆಗಳ ವಿನ್ಯಾಸ ನನ್ನ ಪಾಲಿಗೆ ಬಂದಿತ್ತು. ಲಾರಿಯವರ ಅಭ್ಯಾಸ ತಿಳಿಯಲೆಂದು ಮಾವನ ಜೊತೆ ಕ್ಯಾಬಿನ್ನಿನಲ್ಲಿ ಕೂತು ಹೊನ್ನಾಳಿ, ನ್ಯಾಮತಿಯವರೆಗೆ ಹೋಗಿ ಬರುತ್ತಿದ್ದೆ. ಗುರುತಿಲ್ಲದ ರಸ್ತೆಯ ಬಾಯಿಗೆ ಬಂದಾಗಲೆಲ್ಲ ಅವರು ಗಾಡಿ ನಿಲ್ಲಿಸಿ, ಹತ್ತಿರದ ಅಂಗಡಿಯವರನ್ನು ಕೇಳುತ್ತಿದ್ದರು: “ಮೇಲೆ ಏನೈತೆ?” ರಸ್ತೆ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದನ್ನು ನಾನು ನೋಡಿಲ್ಲ. ಜೋತುಬಿದ್ದ ಕರೆಂಟಿನ ತಂತಿ, ಹುಣಸೆ ಕೊಂಬೆ, ಊರ ಬಾಗಿಲಿನ ಕಮಾನು... ಅವರಿಗೆ ಬೇಕಾಗಿದ್ದು ಅಷ್ಟೇ.

“ಕೆಳಗಿಂದು ಟೈರಿಗೆ ಗೊತ್ತಾಗ್ತೈತವ್ವ. ಮೇಲಿಂದು ಬಾಯಿಬಿಟ್ಟೇ ಕೇಳ್ಬೇಕು.”

ನಾನು ಅದನ್ನು ಬರೆದುಕೊಂಡೆ. ಆದರೆ ನಮ್ಮ ಆ್ಯಪ್ ಗಾಡಿಯ ಎತ್ತರವನ್ನು ಮೊದಲ ದಿನ ಒಂದೇ ಸಲ ಕೇಳುತ್ತಿತ್ತು. ಲೋಡಿನ ಎತ್ತರವನ್ನು ಕೇಳುತ್ತಿರಲಿಲ್ಲ. ಪ್ರತಿ ಸಲ ಕೇಳಿದರೆ ಡ್ರೈವರ್‌ಗಳಿಗೆ ಬೇಸರವಾಗುತ್ತದೆಂದು ಆ ಪರದೆಯನ್ನು ತೆಗೆದುಹಾಕಿದವಳು ನಾನೇ.

ಮಾವನ ಫೋನಿಗೆ ಆ್ಯಪ್ ಹಾಕಿಕೊಟ್ಟ ದಿನ ಅವರು ನಕ್ಕರು. “ಇಂಜಿನಿಯರಮ್ಮ, ನಲ್ಲೂರಿನ ಚಾದಂಗಡಿಯೋನಷ್ಟಾದ್ರೂ ಬುದ್ಧಿ ಐತೇನು ಇದಕ್ಕೆ?”

ನನಗೆ ಸ್ವಲ್ಪ ಚುಚ್ಚಿತು. “ಇನ್ನು ಯಾರನ್ನೂ ಕೇಳ್ಬೇಡಿ ಮಾವ. ಎಲ್ಲಾ ಇದೇ ಹೇಳುತ್ತೆ.”

“ಮೇಲಿಂದೂನಾ?”

“ಮೇಲಿಂದೂ.”

ಆ ಸುಗ್ಗಿಯಲ್ಲಿ ಅವರು ನ್ಯಾಮತಿಯಿಂದ ಜಗಳೂರಿನ ಕಡೆಗೆ ಬತ್ತದ ಹುಲ್ಲು ಹೊತ್ತು ಹೊರಟರು. ಖಾಲಿ ಗಾಡಿಯ ಒಂಬತ್ತೂವರೆ ಅಡಿಯ ಲೆಕ್ಕದಲ್ಲೇ ಆ್ಯಪ್ ಒಂದು ಹಳ್ಳಿಯೊಳಗಿನ ಅಡ್ಡದಾರಿಯನ್ನು ತೋರಿಸಿತು. ಮಾವ ನಿಲ್ಲಿಸಲಿಲ್ಲ, ಕೇಳಲಿಲ್ಲ. ತಂತಿ ತಗುಲಿ ಹುಲ್ಲಿಗೆ ಬೆಂಕಿ ಹತ್ತಿತು. ಸುತ್ತ ಮನೆಗಳಿದ್ದವು. ಉರಿಯುವ ಲಾರಿಯನ್ನು ಊರಾಚೆಯ ಬಯಲಿನವರೆಗೆ ಓಡಿಸಿ, ಆಮೇಲೆ ಹಾರಿದರು. ಎರಡೂ ಕೈ ಸುಟ್ಟಿದ್ದವು.

ಆಸ್ಪತ್ರೆಯಲ್ಲಿ ಲಾರಿಯ ಮಾಲೀಕರು ಮಂಚದ ಪಕ್ಕ ನಿಂತು ಕೇಳಿದರು: “ಮೂವತ್ತು ವರ್ಷ ಸ್ಟೇರಿಂಗ್ ಹಿಡಿದೋನಿಗೆ ತಂತಿ ಕಾಣ್ಲಿಲ್ವಾ? ನಿದ್ದೆ ಹೊಡೆದ್ಯಾ?”

“ಅಸಡ್ಡೆ ಆತು ಸಾವ್ಕಾರ್ರೆ,” ಎಂದರು ಮಾವ. ನಾನು ಬಾಗಿಲ ಬಳಿಯೇ ಇದ್ದೆ. ಅವರು ನನ್ನ ಕಡೆ ನೋಡಲಿಲ್ಲ. ನಾನು ಮಾತಾಡಲಿಲ್ಲ.

ನಿದ್ದೆ ಹೊಡೆದು ಗಾಡಿ ಸುಟ್ಟವನು ಎಂಬ ಮಾತು ಲಾರಿ ಸ್ಟ್ಯಾಂಡಿನಲ್ಲಿ ನಿಂತುಬಿಟ್ಟಿತು. ಕೈ ವಾಸಿಯಾದ ಮೇಲೂ ಯಾರೂ ಅವರಿಗೆ ಸ್ಟೇರಿಂಗ್ ಕೊಡಲಿಲ್ಲ. ಅಕ್ಕಿ ಗಿರಣಿಯ ಗೇಟು ಕಾಯುವ ಕೆಲಸಕ್ಕೆ ಸೇರಿದರು. ನಾವು ಲೋಡಿನ ಎತ್ತರ ಕೇಳುವ ಪರದೆಯನ್ನು ಮತ್ತೆ ಸೇರಿಸಿದೆವು. ಜೋತ ತಂತಿಗಳನ್ನು ಡ್ರೈವರ್‌ಗಳೇ ಗುರುತು ಹಾಕುವಂತೆ ಮಾಡಿದೆವು. ಒಮ್ಮೆ ಗಿರಣಿಯ ಮುಂದೆ ಸಿಕ್ಕಾಗ ಅವರು ಕೇಳಿದ್ದು ಒಂದೇ.

“ಈಗ ಮೇಲಿಂದು ಕೇಳ್ತೈತಾ?”

“ಕೇಳುತ್ತೆ ಮಾವ.”

“ಹಂಗಾರೆ ಬಿಡು.”

ಬಿಟ್ಟೆ. ಮೂರು ವರ್ಷ ಬಿಟ್ಟೇ ಇದ್ದೆ...

ನೋಟ್‌ಬುಕ್ ಸಿಕ್ಕ ದಿನವೇ ಸಂಜೆ ಅವರ ಹೆಂಡತಿ ನಮ್ಮ ಜಗಲಿಯಲ್ಲಿ ಕೂತು ಅಮ್ಮನಿಗೆ ಹೇಳುತ್ತಿದ್ದರು: “ಎಲ್ಲಾರನ್ನೂ ಕೇಳೋ ಮನುಷ್ಯ, ಅವತ್ತೊಂದು ದಿನ ಕೇಳಾಕೆ ಏನಾಗಿತ್ತು? ನಿದ್ದೆನೇ ಹತ್ತಿರ್ಬೇಕು ಬಿಡ್ರೀ.” ಮಾವ ತಮ್ಮ ಮನೆಯೊಳಗೂ ಆ ಹೆಸರನ್ನು ಹೊತ್ತೇ ಬದುಕಿದ್ದರು. ಇನ್ನು ಅದನ್ನು ಇಳಿಸಲು ಅವರಿಲ್ಲ.

ಮರುದಿನ ಬೆಳಿಗ್ಗೆ ರಸ್ತೆ ದಾಟಿ ಹೋದೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. “ಮಾವನಿಗೆ ನಿದ್ದೆ ಹತ್ತಿರಲಿಲ್ಲ ಅತ್ತೆ. ಕೇಳ್ಬೇಡಿ ಅಂತ ನಾನೇ ಹೇಳಿದ್ದೆ,” ಎಂದು ಶುರುಮಾಡಿ, ಒಂದನ್ನೂ ಬಿಡದೆ ಹೇಳಿದೆ. ಅವರು ಮೊರವನ್ನು ಪಕ್ಕಕ್ಕಿಟ್ಟರು.

“ಇದನ್ನ ಸಾವ್ಕಾರ್ರ ಮುಂದೆ ಹೇಳ್ತೀಯಾ? ಸ್ಟ್ಯಾಂಡಿನೋರ ಮುಂದೆ?”

“ಹೇಳ್ತೀನಿ.”

ಅವರು ಸೆರಗು ಹೊದ್ದು ಹೊರಬಂದು ಬಾಗಿಲು ಎಳೆದುಕೊಂಡರು. ಲಾರಿ ಸ್ಟ್ಯಾಂಡಿನ ಕಡೆಗೆ ಮುಂದೆ ನಡೆದರು. ನಾನು ಹಿಂದೆ ಹೋದೆ.