ಫೆಬ್ರವರಿ ಹನ್ನೊಂದರ ಬಿಸಿಲು

ಸೋಮವಾರ ಬೆಳಗ್ಗೆ ಸಮತಾ ಲೆಕ್ಕ ಹಾಕಿದಾಗ ಹದಿನಾಲ್ಕೂವರೆ ದಿನ ಎಂದು ಬಂತು. ಕೈಯಲ್ಲಿದ್ದದ್ದು ನಾಲ್ಕು. ಮತ್ತೊಮ್ಮೆ ಹಾಕಿದಳು. ಅದೇ ಹದಿನಾಲ್ಕೂವರೆ.

ಎಪ್ಪತ್ತು ಸೆಕೆಂಡಿನ ಸಿನಿಮಾ. ಸೆಕೆಂಡಿಗೆ ಇಪ್ಪತ್ತೈದರಂತೆ ಸಾವಿರದ ಏಳುನೂರ ಐವತ್ತು ಚಿತ್ರ. ಒಂದೊಂದು ಚಿತ್ರದಲ್ಲೂ ಬೆಳಕು ಎಲ್ಲಿಂದ ಬಂತು, ಯಾವ ಗಾಜಿಗೆ ಬಡಿದು ಎತ್ತ ಚದುರಿತು ಎಂದು ಕಂಪ್ಯೂಟರ್ ಲೆಕ್ಕ ಮಾಡಿ ಬಿಡಿಸಬೇಕು. ಅದಕ್ಕೆ ಕಸುಬಿನವರು ರೆಂಡರ್ ಅನ್ನುತ್ತಾರೆ. ಅವಳ ಯಂತ್ರ ಒಂದು ಚಿತ್ರಕ್ಕೆ ಹನ್ನೆರಡು ನಿಮಿಷ ತಿನ್ನುತ್ತಿತ್ತು. ಶುಕ್ರವಾರ ಹನ್ನೊಂದು ಗಂಟೆಗೆ ಶಿವಮೊಗ್ಗದಲ್ಲಿ ವಿಚಾರಣೆ. ಅಷ್ಟರೊಳಗೆ ಈ ಸಿನಿಮಾ ವಿಚಾರಣಾಧಿಕಾರಿಯ ಮೇಜಿಗೆ ಹೋಗದಿದ್ದರೆ ಫೈಲು ಮುಚ್ಚುತ್ತದೆ, ಮಲ್ಲೇಶ್ ಮನುಷ್ಯನನ್ನು ಕೊಂದವನೆಂಬ ಹೆಸರು ಹೊತ್ತು ಕೆಲಸ ಕಳೆದುಕೊಂಡು ಮನೆಗೆ ಹೋಗುತ್ತಾನೆ.

ಮಲ್ಲೇಶ್ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅವಳ ಬೀದಿಯವನೇ. ಇಪ್ಪತ್ತೊಂಬತ್ತು ವರ್ಷ. ಊರಾಚೆಯ ಒಂದು ಖಾಸಗಿ ಎರಕದ ಶೆಡ್ಡಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಫೆಬ್ರವರಿ ಹನ್ನೊಂದರ ಸಂಜೆ ನಾಲ್ಕೂ ಮೂವತ್ತೈದಕ್ಕೆ ಅವನ ಕ್ರೇನಿನ ಹೊರೆಗೆ ಸಿಕ್ಕಿ ಬಂಗಾರಪ್ಪ ಎಂಬ ಗುತ್ತಿಗೆ ಕೂಲಿ ಸತ್ತ. ಆಪರೇಟರ್ ಫೋನು ನೋಡುತ್ತಿದ್ದ ಎಂದು ಶೆಡ್ಡಿನ ಆಡಳಿತದವರು ಬರೆದು ಅವನನ್ನು ಅಮಾನತ್ತಿನಲ್ಲಿಟ್ಟರು. ಮಲ್ಲೇಶ್ ಹೇಳಿದ್ದು ಬೇರೆ. ಗೋಡೆಯ ಮೇಲ್ಗಡೆಯ ಒಂದು ತಗಡಿನ ಶೀಟು ಅದಕ್ಕೂ ಎರಡು ತಿಂಗಳ ಮುಂಚೆಯೇ ಹಾರಿಹೋಗಿತ್ತು, ಆ ಕಂಡಿಯಿಂದ ಬಿಸಿಲು ನೇರ ಕ್ಯಾಬಿನ್ನಿನ ಗಾಜಿಗೆ ಹೊಡೆದು ಮುಂದೆ ಏನೂ ಕಾಣಲಿಲ್ಲ ಎಂದ. ವಿಚಾರಣಾಧಿಕಾರಿ ಏಪ್ರಿಲ್‌ನಲ್ಲಿ ಬಂದು ಅದೇ ನಾಲ್ಕೂ ಮೂವತ್ತೈದಕ್ಕೆ ಕ್ಯಾಬಿನ್ ಹತ್ತಿ ಕೂತರು. ಬಿಸಿಲು ಬರಲಿಲ್ಲ. ಎರಡು ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ಸರಿದಿದ್ದ. ಅವನಿಗೆ ನೋಟಿಸು ಕಳಿಸಿ ಕರೆಸುವಂತಿಲ್ಲ.

ಸಮತಾಗೆ ಮೂವತ್ತಾರು. ಅಪ್ಪ ಚೌಡಪ್ಪ ಭದ್ರಾವತಿಯ ದೊಡ್ಡ ಕಾರ್ಖಾನೆಯ ಫರ್ನೇಸಿನ ಮುಂದೆ ಮೂವತ್ತೊಂದು ವರ್ಷ ಬೆಂದವನು. ಮುಷ್ಕರದ ಚಪ್ಪರದಡಿ ಕೂತಿದ್ದಾಗ ಹೆಣ್ಣು ಹುಟ್ಟಿದ ಸುದ್ದಿ ಬಂತು, ಅಲ್ಲೇ ಹೆಸರಿಟ್ಟ. ಆ ಹೆಸರಿನಿಂದ ಅವಳಿಗೇನೂ ಸಿಗಲಿಲ್ಲ. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಓಡಾಡಿ ಎಂ.ಎ. ಮಾಡಿದಳು, ಅದರಿಂದಲೂ ಸಿಗಲಿಲ್ಲ. ಕಂಪ್ಯೂಟರಿನಲ್ಲಿ ಮನೆ ಕಟ್ಟುವುದನ್ನು ಶಿವಮೊಗ್ಗದ ಒಬ್ಬ ಇಂಜಿನಿಯರನ ಕಚೇರಿಯಲ್ಲಿ ನೋಡಿ ನೋಡಿ ಕಲಿತಳು. ಮದುವೆ ಒಂದಾಗಿ ಎರಡು ವರ್ಷಕ್ಕೆ ಮುಗಿಯಿತು. ಹತ್ತಿರದ ಸೋಗಾನೆಗೆ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತೆಲ್ಲ ಲೇಔಟುಗಳೆದ್ದು ಅವಳಿಗೆ ಕೈತುಂಬ ಕೆಲಸ. ಇನ್ನೂ ಪಾಯ ತೋಡದ ಮನೆಗಳೊಳಗೆ ಕ್ಯಾಮೆರಾ ಓಡಿಸಿ ಕಿಟಕಿಯಿಂದ ಎಳೆಬಿಸಿಲು ಬಿಡುವುದು. ಪಶ್ಚಿಮದ ಬಾಲ್ಕನಿಗೂ ಬೆಳಗಿನ ಬಿಸಿಲು ಬೇಕೆಂದು ಬಿಲ್ಡರ್ ಅಂದರೆ ಸೂರ್ಯನನ್ನೇ ಹಿಡಿದು ಆ ಕಡೆ ತಿರುಗಿಸುವುದು. ಹತ್ತು ವರ್ಷ ಸೂರ್ಯನನ್ನು ಹೀಗೆ ಕೂಲಿಗೆ ದುಡಿಸಿದವಳು ಅವಳು.

ಈ ಸಲ ತಿರುಗಿಸುವ ಹಾಗಿರಲಿಲ್ಲ. ಆ ಸಂಜೆ ಕ್ಯಾಬಿನ್ನಿನಲ್ಲಿ ಕೂತ ಮಲ್ಲೇಶನ ಕಣ್ಣಿಗೆ ಎಪ್ಪತ್ತು ಸೆಕೆಂಡು ಏನು ಕಂಡಿತೋ ಅದನ್ನೇ ತೋರಿಸಬೇಕಿತ್ತು. ಊರಿನ ಅಕ್ಷಾಂಶ, ತಾರೀಖು, ಗಂಟೆ ಇಷ್ಟನ್ನು ಕೊಟ್ಟು ಕೈ ಹಿಂದಕ್ಕೆ ತೆಗೆದುಕೊಂಡಿದ್ದಳು. ಮಲ್ಲೇಶನ ಫೋನಿನಲ್ಲಿದ್ದ ಫೋಟೋಗಳಲ್ಲಿ ಶೀಟುಗಳನ್ನು ಎಣಿಸಿ ಎಣಿಸಿ ಶೆಡ್ಡನ್ನು ಕಂಪ್ಯೂಟರಿನಲ್ಲಿ ಅಳತೆಗೆ ನಿಲ್ಲಿಸಿದ್ದಳು. ಸೋಮವಾರ ಹೊತ್ತು ಸಾಲದೆಂದು ಗೊತ್ತಾದಾಗ ಗುಣಮಟ್ಟ ಇಳಿಸಿ ನೋಡಿದಳು. ಚಿತ್ರಕ್ಕೆ ಒಂದೇ ನಿಮಿಷ ಸಾಕಾಯಿತು, ಆದರೆ ಗಾಜಿನಲ್ಲಿ ಬೆಳಕು ಚದುರುವ ಲೆಕ್ಕವೇ ಬಿಟ್ಟುಹೋಯಿತು. ಗಾಜು ಈಗ ತೊಳೆದಿಟ್ಟ ಹಾಗೆ ಸ್ವಚ್ಛ, ಅದರಾಚೆ ಬಂಗಾರಪ್ಪನ ಜಾಗದಲ್ಲಿ ಅವಳು ನಿಲ್ಲಿಸಿದ್ದ ಬೂದು ಬೊಂಬೆ ನಿಚ್ಚಳ. ಅಗ್ಗದ ಬೆಳಕಿನಲ್ಲಿ ಮಲ್ಲೇಶನೇ ತಪ್ಪಿತಸ್ಥ. ಗುಣಮಟ್ಟವನ್ನು ಮತ್ತೆ ಮೊದಲಿನಷ್ಟಕ್ಕೇ ಏರಿಸಿದಳು.

ಉಳಿದದ್ದು ಒಂದೇ ದಾರಿ, ಕೆಲಸವನ್ನು ಹಲವು ಯಂತ್ರಗಳಿಗೆ ಹಂಚುವುದು. ಅಪ್ಪನ ಗೆಳೆಯ ಉಜ್ಜನಪ್ಪ ಅದೇ ಕಾರ್ಖಾನೆಯ ಮಷೀನ್ ಶಾಪಿನಲ್ಲಿ ಲೇತು ನಡೆಸಿ ನಿವೃತ್ತನಾದವನು. ನಿವೃತ್ತಿಯಾದಾಗ ಯಾರದೋ ಮಾತು ಕೇಳಿ ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದಿದ್ದ. ಈಗ ಕಲಿಯುವವರಿಲ್ಲ, ಐದು ಯಂತ್ರಗಳಿವೆ. ಅವನು ದಿನಾ ಹೋಗಿ ಅವುಗಳ ಧೂಳು ಒರೆಸಿ ಕೂತು ಬರುತ್ತಾನೆ. ಕೇಳಿದ ಕೂಡಲೇ ಬೀಗದ ಕೈ ಕೊಟ್ಟ. ಸಮತಾ ತನ್ನ ಯಂತ್ರವನ್ನು ಆಟೋದಲ್ಲಿ ಅಲ್ಲಿಗೇ ಸಾಗಿಸಿ, ಆರನ್ನೂ ನೆಟ್‌ವರ್ಕ್ ವೈರಿನಿಂದ ಜೋಡಿಸಿ, ಸಿನಿಮಾವನ್ನು ಆರು ತುಂಡು ಮಾಡಿ ಹಂಚಿ, ಮಂಗಳವಾರ ಬೆಳಗ್ಗೆ ಎಂಟಕ್ಕೆ ಓಡಿಸಿದಳು. ಹಳೆಯ ಯಂತ್ರಗಳು, ಚಿತ್ರಕ್ಕೆ ಇಪ್ಪತ್ತೈದು ನಿಮಿಷ ಹಿಡಿಯುತ್ತಿದ್ದವು. ಓಡುತ್ತಿದ್ದವಲ್ಲ, ಅಷ್ಟು ಸಾಕಿತ್ತು. ಒಂದೂವರೆಗೆ ಉಜ್ಜನಪ್ಪನನ್ನು ಕಾವಲಿಗೆ ಕೂರಿಸಿ ಮನೆಗೆ ಹೋಗಿ ಎರಡು ತುತ್ತು ಉಂಡು ಬಂದಳು.

ಬಂದಾಗ ಬಾಗಿಲಿಗೆ ಬೀಗ. ಕಿಟಕಿಯಿಂದ ಇಣುಕಿದಳು. ಐದೂ ಯಂತ್ರಗಳಿಗೆ ದಪ್ಪ ಬಟ್ಟೆ ಹೊದೆಸಿತ್ತು. ಅವಳದಕ್ಕೂ ಒಂದು ಟವೆಲು. ಒಳಗೆ ಸದ್ದಿಲ್ಲ.

ಎರಡು ಗಂಟೆಗೆ ಪಾಳಿ ಮುಗಿಯಿತೆಂದು ಉಜ್ಜನಪ್ಪ ಮೇನ್ ಸ್ವಿಚ್ ಇಳಿಸಿ, ಒರೆಸಿ, ಹೊದೆಸಿ ಊಟಕ್ಕೆ ಹೋಗಿದ್ದ. ಕಾರ್ಖಾನೆಯ ಸೈರನ್ ನಿಂತು ಎಷ್ಟೋ ಕಾಲವಾಗಿದೆ, ಅವನ ಮೈಯಲ್ಲಿ ಮಾತ್ರ ಇನ್ನೂ ಕೂಗುತ್ತದೆ. ಆರು ಗಂಟೆಯ ಕೆಲಸ ಪೂರ್ತಿ ಮಣ್ಣುಪಾಲು. ಪ್ರತಿ ಯಂತ್ರವೂ ತನ್ನ ತುಂಡನ್ನು ಒಂದೇ ವಿಡಿಯೋ ಫೈಲಾಗಿ ಕಟ್ಟುತ್ತಿತ್ತು, ನಡುವೆ ನಿಂತರೆ ಇಡೀ ಫೈಲು ಕೆಟ್ಟ ಹಾಗೆ. ಅದು ಉಜ್ಜನಪ್ಪನ ತಪ್ಪಲ್ಲ. ವರ್ಷಗಟ್ಟಲೆ ಒಂದೇ ಯಂತ್ರದಲ್ಲಿ ದುಡಿದ ಸಮತಾಳ ಅಭ್ಯಾಸದ ತಪ್ಪು.

ಸುದ್ದಿ ತಿಳಿದ ಚೌಡಪ್ಪ, ಉಂಡ ಕೈ ತೊಳೆಯಲೂ ಬಿಡದೆ ಉಜ್ಜನಪ್ಪನನ್ನು ಎಳೆದುಕೊಂಡು ಬಂದ.

"ಇದು ನಿನ್ನ ಲೇತಲ್ಲ ಮಾರಾಯ. ಫರ್ನೇಸು. ಒಂದ್ಸಲ ಹೊತ್ತಿಸಿದ ಮೇಲೆ ಆರಿಸೋ ಹಾಗಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಆರಿಸಿದ್ದು ನೋಡಿದ್ದೀಯ?"

"ನೀವು ಆರಿಸದೆ ಇದ್ದಿದ್ದಕ್ಕೇ ನಿಮ್ಮ ಕಡೆ ವಾರಕ್ಕೊಬ್ಬ ಸುಟ್ಕೊಂಡು ಬರ್ತಿದ್ದ" ಅಂದ ಉಜ್ಜನಪ್ಪ. ಮುಖ ಮಾತ್ರ ಇಳಿದಿತ್ತು. ಸಮತಾಳ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಅಲ್ಲ ಕಣಮ್ಮ, ನಿಂತರೆ ಎಲ್ಲಾ ಯಾಕೆ ಹಾಳಾಗಬೇಕು? ನಮ್ಮ ಶಾಪಲ್ಲಿ ನೂರು ಬೋಲ್ಟ್ ಮಾಡೋದಿದ್ರೆ ಒಂದೊಂದು ಮುಗಿದಂಗೆ ರ‍್ಯಾಕಿಗೆ ಹಾಕ್ತಿದ್ವಿ. ಕರೆಂಟ್ ಹೋದ್ರೆ ಕೈಲಿರೋ ಬೋಲ್ಟ್ ಒಂದು ಹೋಗ್ತಿತ್ತು. ಉಳಿದಿದ್ದು ರ‍್ಯಾಕಲ್ಲಿ ಇರ್ತಿತ್ತು."

ಸಮತಾಗೆ ಅದು ಗೊತ್ತಿಲ್ಲದ ಸಂಗತಿಯಲ್ಲ, ದೊಡ್ಡ ಸ್ಟುಡಿಯೋಗಳಲ್ಲಿ ಮಾಡುವುದೇ ಹಾಗೆ. ಗಾಬರಿಯಲ್ಲಿ ಮರೆತಿದ್ದಳು. ತುಂಡು ಹಂಚುವುದನ್ನು ಬಿಟ್ಟು ಒಂದೊಂದೇ ಚಿತ್ರವನ್ನು ಬಿಡಿಯಾಗಿ ಹಂಚಿದಳು. ಯಾವ ಯಂತ್ರ ಬಿಡುವಾಗುತ್ತದೋ ಅದು ಮುಂದಿನ ನಂಬರಿನ ಚಿತ್ರ ಎತ್ತಿಕೊಳ್ಳುತ್ತದೆ, ಮುಗಿದದ್ದನ್ನು ಅವಳ ಯಂತ್ರದ ಒಂದು ಫೋಲ್ಡರಿಗೆ ಹಾಕುತ್ತದೆ. ಆ ಫೋಲ್ಡರಿಗೆ 'ರ‍್ಯಾಕ್' ಅಂತಲೇ ಹೆಸರು ಕೊಟ್ಟಳು. ಮೂರೂವರೆಗೆ ಮತ್ತೆ ಶುರು. ಮೇನ್ ಸ್ವಿಚ್ಚಿನ ಪೆಟ್ಟಿಗೆಯ ಕೀಲಿಯನ್ನು ಚೌಡಪ್ಪ ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಹಗಲು ಉಜ್ಜನಪ್ಪ, ರಾತ್ರಿ ಚೌಡಪ್ಪ ಎಂದು ಪಾಳಿ ಗೊತ್ತಾಯಿತು.

ಆದರೂ ಲೆಕ್ಕ ಕೂಡಲಿಲ್ಲ. ಆರೂ ಯಂತ್ರ ಸೇರಿ ಗಂಟೆಗೆ ಹದಿನೇಳು ಚಿತ್ರ. ಈ ವೇಗದಲ್ಲಿ ಶುಕ್ರವಾರ ಬೆಳಗ್ಗೆಗೆ ಆರುನೂರು ಕಮ್ಮಿ ಬೀಳುತ್ತದೆ. ಕಮ್ಮಿ ಬೀಳುವುದು ಕೊನೆಯ ಆರುನೂರು, ಬಂಗಾರಪ್ಪ ನೆಲದ ಮೇಲಿನ ಹಳದಿ ಎಚ್ಚರಿಕೆಯ ಗೆರೆ ದಾಟಿ ಕ್ರೇನಿನಡಿಗೆ ಬರುವ ಆರುನೂರು. ಶಿವಮೊಗ್ಗದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಗೆಳತಿ ಶಾಂಭವಿಗೆ ಫೋನು ಮಾಡಿ ರೆಂಡರಿಗೆ ವೇಗ ಕೊಡುವ ಅವಳ ಹೊಸ ಗ್ರಾಫಿಕ್ಸ್ ಕಾರ್ಡ್ ಮೂರು ದಿನಕ್ಕೆ ಕೊಡುವಂತೆ ಕೇಳಿದಳು. ಅದು ಶಾಂಭವಿಯ ಅನ್ನ. ಅದರ ಬೆಲೆ ಎಷ್ಟು ಗೊತ್ತಾ ಎಂದು ಮೊದಲು ಬೈದಳು. ಆಮೇಲೆ, ನಿನ್ನ ಯಂತ್ರದ ಪವರ್ ಸಪ್ಲೈ ಪೆಟ್ಟಿಗೆ ಇದಕ್ಕೆ ಸಾಲಲ್ಲ ಮಾರಾಯ್ತಿ, ಅದನ್ನೂ ಬಿಚ್ಚಿ ಕೊಡ್ತೀನಿ, ಎರಡೂ ಸುಟ್ಟರೆ ನಿನ್ನನ್ನೂ ಸುಡ್ತೀನಿ ಎಂದಳು.

ಬುಧವಾರ ಆ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು. ರಸ್ತೆಯ ಪ್ರತಿ ಉಬ್ಬಿಗೂ ಅವನ್ನು ಮೇಲಕ್ಕೆತ್ತಿ ಹಿಡಿದಳು. ಜೋಡಿಸಿ ಚಾಲೂ ಮಾಡಿದಾಗ ಮಧ್ಯಾಹ್ನ ಒಂದೂವರೆ. ಹನ್ನೆರಡು ನಿಮಿಷದ ಚಿತ್ರ ಮೂರು ನಿಮಿಷಕ್ಕೆ ಬಂತು. ಆರೂ ಸೇರಿ ಗಂಟೆಗೆ ಮೂವತ್ತೆರಡು. ಹೀಗೇ ನಡೆದರೆ ಶುಕ್ರವಾರ ಎಂಟರ ಹೊತ್ತಿಗೆ ಮುಗಿಯಬೇಕು. ಏಪ್ರಿಲ್ ಬಿಸಿಲಿಗೆ ಕೋಣೆ ಬಾಣಲೆಯಾಗಿತ್ತು. ಎಲ್ಲ ಯಂತ್ರಗಳ ಪಕ್ಕೆಯ ತಗಡು ಬಿಚ್ಚಿ ಟೇಬಲ್ ಫ್ಯಾನು ಇಟ್ಟರು. ಚೌಡಪ್ಪ ಆಗಾಗ ಹೋಗಿ ಅಂಗೈ ಚಾಚಿ ಕಾವು ನೋಡುತ್ತಿದ್ದ. ಮೂರನೆಯದು ಕೆಟ್ಟದಾಗಿ ಕಾಯುತ್ತಿದೆ ಎಂದ, ಕಂಪ್ಯೂಟರಿನ ಮಾಪಕ ಅದನ್ನೇ ತೋರಿಸಿತು.

ಮಲ್ಲೇಶ್ ದಿನಾ ಬಂದು ಹೊಸ್ತಿಲಾಚೆ ಕೂರುತ್ತಿದ್ದ. ಒಳಗೆ ಬಾ ಅಂದರೆ ಬರುತ್ತಿರಲಿಲ್ಲ. ಬುಧವಾರ ಸಂಜೆ ಕಾರಣ ಹೇಳಿದ.

"ಎರಡು ತಿಂಗಳಿಂದ ಬಿಸಿಲು ಬಿಸಿಲು ಅಂತ ಹೇಳ್ಕೊಂಡು ಬಂದಿದೀನಿ ಅಕ್ಕ. ಹೇಳೀ ಹೇಳೀ ಈಗ ನನಗೇ ಅನುಮಾನ. ನಿಜವಾಗ್ಲೂ ಬಂದಿತ್ತಾ, ಇಲ್ಲ ನಾನೇ ಕಟ್ಟಿದ್ದಾ? ನಿಮ್ಮ ಸಿನಿಮಾದಲ್ಲಿ ಬರದೆ ಇದ್ರೆ?"

ಅದೇ ಹೆದರಿಕೆ ಅವಳಿಗೂ ಇತ್ತು. ಆ ಭಾಗದ ಒಂದು ಚಿತ್ರವನ್ನು ಮೊದಲೇ ಬಿಡಿಸಿ ನೋಡಬಹುದಿತ್ತು, ಧೈರ್ಯವಾಗಿರಲಿಲ್ಲ. ಎಣಿಸುವಾಗ ಒಂದು ಶೀಟು ತಪ್ಪಿದ್ದರೆ ಬಿಸಿಲು ಎರಡು ಅಡಿ ಪಕ್ಕಕ್ಕೆ ಬೀಳುತ್ತದೆ. ಹಾಗೆ ಬಿದ್ದರೆ ಸೂರ್ಯನನ್ನು ತಿರುಗಿಸುತ್ತೇನಾ? ಈ ಪ್ರಶ್ನೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮೌಸಿನ ಮೇಲೆ ಬೆರಳಿಟ್ಟು ಅರ್ಧ ಅಂಗುಲ ಎಳೆದರೆ ಸಾಕು, ಹತ್ತು ವರ್ಷದ ಕೈ.

ಗುರುವಾರ ಬೆಳಗ್ಗೆ ಒಂಬೈನೂರರ ನಂಬರುಗಳು ರ‍್ಯಾಕಿಗೆ ಬೀಳತೊಡಗಿದವು. ಒಂಬೈನೂರ ಮೂವತ್ತರಲ್ಲಿ ಗಾಜಿನ ಬಲಮೂಲೆಗೆ ಒಂದು ಬಿಳಿ ಚುಕ್ಕೆ ಬಂತು. ಮುಂದಿನದರಲ್ಲಿ ಅದು ಹರಡಿತು. ಒಂಬೈನೂರ ಅರವತ್ತರಲ್ಲಿ ಗಾಜು ಪೂರ್ತಿ ಬೆಳ್ಳಗಾಗಿ ಬಂಗಾರಪ್ಪನ ಬೊಂಬೆ, ಹಳದಿ ಗೆರೆ, ನೆಲ ಯಾವುದೂ ಇರಲಿಲ್ಲ. ಅವಳು ಏನನ್ನೂ ಮುಟ್ಟಿರಲಿಲ್ಲ. ಮಲ್ಲೇಶನನ್ನು ಕೈಹಿಡಿದು ಒಳಗೆ ಎಳೆದಳು. ಅವನು ನೋಡಿದ. ಹೊರಗೆ ಹೋಗಿ ನಲ್ಲಿಯಡಿ ತಲೆ ಒಡ್ಡಿ ನಿಂತ. ನೀರು ಸೋರುವ ಮುಖದಲ್ಲೇ ಬಂದು, "ಹೀಗೇ ಇತ್ತು" ಎಂದ.

ಹನ್ನೊಂದಕ್ಕೆ ಕರೆಂಟು ಹೋಯಿತು. ಲೈನಿನ ಕೆಲಸ, ಮೂರು ಗಂಟೆ ಬರುವುದಿಲ್ಲ ಎಂದರು. ಕೇಂದ್ರದಲ್ಲಿದ್ದ ಬ್ಯಾಟರಿ ಇಪ್ಪತ್ತು ನಿಮಿಷದ್ದು. ಚೌಡಪ್ಪ ಪಂಚೆ ಎತ್ತಿ ಕಟ್ಟಿ ಹೊರಟ. ಹಿಂದಿನ ಮುಷ್ಕರಗಳಿಗೆಲ್ಲ ಚಪ್ಪರ ಹಾಕಿದ ಶಾಮಿಯಾನದವನು ಇನ್ನೂ ಬದುಕಿದ್ದ. ಮುಕ್ಕಾಲು ಗಂಟೆಯಲ್ಲಿ ತಳ್ಳುಗಾಡಿಯ ಮೇಲೆ ಜನರೇಟರ್ ಬಂತು. ನಡುವೆ ಯಂತ್ರಗಳು ಆರಿದ್ದವು, ಆದರೆ ಹೋದದ್ದು ಕೈಲಿದ್ದ ಆರು ಚಿತ್ರ ಮಾತ್ರ. ಉಜ್ಜನಪ್ಪ ಚೌಡಪ್ಪನ ಮುಖದ ಮುಂದೆ ಆರು ಬೆರಳು ಎಣಿಸಿ ತೋರಿಸಿದ.

ಶುಕ್ರವಾರ ಎಂಟೂ ನಲವತ್ತಕ್ಕೆ ಕೊನೆಯ ಚಿತ್ರ ಬಿತ್ತು. ಎಲ್ಲವನ್ನೂ ಪೋಣಿಸಿ ಪೆನ್‌ಡ್ರೈವಿಗೆ ಹಾಕಿ ಬಸ್ಸು ಹತ್ತಿದಾಗ ಒಂಬತ್ತೂವರೆ.

ಅಧಿಕಾರಿ ಸಿನಿಮಾವನ್ನು ಮೂರು ಸಲ ನೋಡಿದರು. ಆಡಳಿತದ ಕಡೆಯ ವಕೀಲ ಕಾರ್ಟೂನು ಎಂದು ನಕ್ಕ. ಆಮೇಲೆ ಎದ್ದು, ಲೇಔಟಿನವರಿಗೆ ಸಿನಿಮಾ ಮಾಡುವವರು ನೀವೇ ಅಲ್ಲವೇ, ಅಲ್ಲಿ ಎಲ್ಲ ಬಾಲ್ಕನಿಗೂ ಬಿಸಿಲು ಬರುತ್ತದಲ್ಲ, ಆ ಸೂರ್ಯನನ್ನು ಇಟ್ಟವರು ಯಾರು ಎಂದು ಕೇಳಿದ.

ಸಮತಾ ಎದ್ದು ನಿಂತಳು. ಈ ಪ್ರಶ್ನೆ ಬರುತ್ತದೆಂದು ನಾಲ್ಕು ದಿನದಿಂದ ಗೊತ್ತಿತ್ತು.

"ನಾನೇ ಇಟ್ಟಿದ್ದು ಸಾರ್. ದುಡ್ಡು ಕೊಟ್ಟವರು ಹೇಳಿದ ಕಡೆ ಇಟ್ಟಿದ್ದೀನಿ. ಇಲ್ಲಿ ಇಟ್ಟಿಲ್ಲ. ನನ್ನ ಮಾತು ನಂಬಬೇಡಿ. ಫೆಬ್ರವರಿ ಹನ್ನೊಂದರ ಜಾಗಕ್ಕೆ ಸೂರ್ಯ ಅಕ್ಟೋಬರ್ ಮೂವತ್ತೊಂದಕ್ಕೆ ವಾಪಸ್ ಬರ್ತಾನೆ. ಅವತ್ತು ಸಾಹೇಬ್ರು ಕ್ಯಾಬಿನ್ನಲ್ಲಿ ಕೂತು ನೋಡಲಿ. ಅಲ್ಲೀವರೆಗೆ ಆ ಕಂಡಿಗೆ ಯಾರೂ ಶೀಟು ಹೊಡೀಬಾರದು."

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಬರೆದರು. ಅಕ್ಟೋಬರ್ ಮೂವತ್ತೊಂದಕ್ಕೆ ಸ್ಥಳ ಪರಿಶೀಲನೆ. ಗೋಡೆಯನ್ನು ಯಾರೂ ಮುಟ್ಟಕೂಡದು. ಅದುವರೆಗೆ ಆಪರೇಟರನನ್ನು ಕೆಲಸದಿಂದ ತೆಗೆಯುವಂತಿಲ್ಲ, ಅಮಾನತ್ತು ಮುಂದುವರಿಯುತ್ತದೆ.

ಗೆದ್ದದ್ದು ಇಷ್ಟು, ಆರು ತಿಂಗಳು. ಬಸ್‌ಸ್ಟ್ಯಾಂಡಿನಲ್ಲಿ ಮಲ್ಲೇಶ್ ಚಹಾದ ಲೋಟ ಹಿಡಿದು ಕುಡಿಯದೆ ನಿಂತಿದ್ದ.

"ಅಕ್ಕ, ಅವತ್ತು ಮೋಡ ಇದ್ರೆ?"

ಅಕ್ಟೋಬರ್ ಕೊನೆಯೆಂದರೆ ಹಿಂಗಾರಿನ ಕಾಲ, ಮೋಡ ಇರಬಹುದು. ಅವಳು ಸುಳ್ಳು ಸಮಾಧಾನ ಹೇಳಲಿಲ್ಲ. ಅಷ್ಟರಲ್ಲಿ ಫೋನು ಬಂತು. ಉಜ್ಜನಪ್ಪ. ವಿಚಾರಣೆ ಏನಾಯಿತೆಂದು ಕೇಳಿ, ಸ್ವಲ್ಪ ಸಂಕೋಚದಿಂದ, ಎರಡು ಗಂಟೆ ಆಗ್ತಾ ಬಂತು, ನಿಮ್ಮಪ್ಪ ಕೀಲಿ ಬಿಚ್ಚಿ ಕೊಟ್ಟಿದ್ದಾನೆ, ಈಗಲಾದರೂ ಮೇನ್ ಇಳಿಸಬಹುದಾ ಎಂದ.

"ಬೇಡ ಮಾಮ" ಎಂದಳು. ಶಾಂಭವಿಯ ಕಾರ್ಡ್ ಸಂಜೆಯೊಳಗೆ ವಾಪಸ್ಸಾಗಬೇಕು. ಅಕ್ಟೋಬರ್ ಇಪ್ಪತ್ತೈದರಿಂದ ನವೆಂಬರ್ ಆರರವರೆಗೆ ದಿನಕ್ಕೊಂದರಂತೆ ಹದಿಮೂರು ಚಿತ್ರ ಬಿಡಿಸಿದರೆ ಯಾವ್ಯಾವ ದಿನ ಬಿಸಿಲು ಗಾಜಿಗೆ ಹೊಡೆಯುತ್ತದೆಂದು ಗೊತ್ತಾಗುತ್ತದೆ. ಒಂದು ದಿನ ಮೋಡವಾದರೆ ಇನ್ನೊಂದು ದಿನ ಕೇಳಬಹುದು. "ಆರಿಸಬೇಡಿ. ಹದಿಮೂರು ಬೋಲ್ಟ್ ಬಾಕಿ ಇದೆ."